ಕೇಳಿ, ಹೇಳುತ್ತೇವೆ: ಬೂಸ್ಟು ಹಿಡಿದ ಎಲ್‌ಪಿಗಳು, ಮರೆತುಹೋದ ಡಿಸ್ಕೋ

ಹಳೆಯ ರೆಕಾರ್ಡುಗಳ ಬಗ್ಗೆ ಈ ಸಲ ಬಂದ ಪತ್ರಗಳೆಲ್ಲ ಮಲೆನಾಡಿನವು. ಅರ್ಧಕ್ಕರ್ಧ ಪತ್ರಗಳಲ್ಲಿ ಬೂಸ್ಟಿನ ದೂರು. ಹಾಗಾಗಿ ಮೊದಲು ಅದನ್ನೇ ಮುಗಿಸೋಣ.

ಅಟ್ಟ ಖಾಲಿ ಮಾಡುವಾಗ ಅಜ್ಜನ ಟ್ರಂಕಿನಲ್ಲಿ ಒಂದು ರಾಶಿ ಇಂಗ್ಲಿಷ್ ರೆಕಾರ್ಡು ಸಿಕ್ಕಿದವು. ಎಲ್ಲದರ ಮೇಲೂ ಬಿಳಿ ಚುಕ್ಕಿ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋದ ಹಾಗಿರುತ್ತದೆ, ಒಣಗಿದ ಮೇಲೆ ಮತ್ತೆ ಕಾಣುತ್ತದೆ. ಹಾಗೆಯೇ ಹಾಕಿ ಕೇಳಬಹುದೇ?
— ಓದುಗರು, ಹೊಸನಗರ

ತೊಳೆಯದೆ ಹಾಕಬೇಡಿ. ಬೂಸ್ಟು ಮತ್ತು ಧೂಳು ಸೂಜಿಗೆ ಮೆತ್ತಿಕೊಳ್ಳುತ್ತವೆ, ಆ ಸೂಜಿ ಮುಂದಿನ ರೆಕಾರ್ಡನ್ನೂ ಗೀರುತ್ತದೆ. ಒದ್ದೆ ಬಟ್ಟೆ ಮಾಡುವುದು ಬೂಸ್ಟನ್ನು ಗೆರೆಯೊಳಗೆ ತುಂಬುವ ಕೆಲಸ. ಜೊತೆಗೆ ಬೋರ್‌ವೆಲ್ ನೀರಾದರೆ ಅದರ ಸುಣ್ಣದಂಶವೂ ಒಳಗೆ ಉಳಿಯುತ್ತದೆ.

ಬೂಸ್ಟಿಗೆ ಮುಖ್ಯ ಆಹಾರ ಪ್ಲಾಸ್ಟಿಕ್ ಅಲ್ಲ. ಕಾಗದದ ಒಳಕವರು, ಧೂಳು ಮತ್ತು ಬೆರಳಿನ ಜಿಡ್ಡು ತಿಂದು ಅದು ಬೆಳೆಯುತ್ತದೆ. ಆದ್ದರಿಂದ ರೆಕಾರ್ಡನ್ನು ಎಷ್ಟೇ ಚೆನ್ನಾಗಿ ತೊಳೆದರೂ ಅದೇ ಹಳೆಯ ಒಳಕವರಿಗೆ ಹಾಕಿದರೆ ಮುಂದಿನ ಆಷಾಢಕ್ಕೆ ಮತ್ತೆ ಚುಕ್ಕಿ ಬರುತ್ತದೆ. ಒಳಕವರಿನಲ್ಲಿ ಹಾಡಿನ ಸಾಲು, ವಾದ್ಯದವರ ಹೆಸರು ಅಚ್ಚಾಗಿದ್ದರೆ ಒಣಗಿಸಿ ಬೇರೆ ಇಡಿ. ಬರೀ ಬಿಳಿ ಕಾಗದವಾದರೆ ಎಸೆಯಿರಿ.

ತೊಳೆಯುವ ಮೊದಲು ನೋಡಬೇಕಾದ್ದೊಂದಿದೆ. ರೆಕಾರ್ಡು ಭಾರವಾಗಿ, ಬಗ್ಗದೆ, ಲೇಬಲ್ ಮೇಲೆ 78 (ನಿಮಿಷಕ್ಕೆ ಸುತ್ತುವ ಲೆಕ್ಕ) ಎಂದಿದ್ದರೆ ಅದು ಅರಗಿನದು ಎಂದೇ ಲೆಕ್ಕ. ಅದಕ್ಕೆ ಆಲ್ಕೋಹಾಲ್ ತಾಗಿಸಿದರೆ ಮೇಲ್ಮೈ ಕರಗುತ್ತದೆ. ಕೆಳಗಿನ ದ್ರಾವಣ ವಿನೈಲ್ ಎಲ್‌ಪಿ ಮತ್ತು 45ರ ಸಣ್ಣ ರೆಕಾರ್ಡುಗಳಿಗೆ ಮಾತ್ರ.

ಒಂದು ಲೀಟರಿಗೆ 800 ಮಿಲಿ ಡಿಸ್ಟಿಲ್ಡ್ ವಾಟರ್, 200 ಮಿಲಿ ಐಸೊಪ್ರೊಪೈಲ್ ಆಲ್ಕೋಹಾಲ್, ಬಣ್ಣವಾಸನೆ ಇಲ್ಲದ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು-ಮೂರು ಹನಿ. ಬ್ಯಾಟರಿ ಅಂಗಡಿಯ ನೀರು ಆಗುತ್ತದೆ, ಆದರೆ ಆಸಿಡ್ ಬೆರೆಸದ ಟಾಪ್-ಅಪ್ ನೀರೇ ಎಂದು ಕೇಳಿ ತನ್ನಿ. ಸ್ಯಾನಿಟೈಸರ್ ಬೇಡ, ಅದರ ಗ್ಲಿಸರಿನ್ ಗೆರೆಯಲ್ಲಿ ಕೂರುತ್ತದೆ. ಸೀಮೆಎಣ್ಣೆ, ಡೆಟಾಲ್, ಕೊಬ್ಬರಿ ಎಣ್ಣೆ ಯಾವುದೂ ಬೇಡ. ಒಲೆಯ ಹತ್ತಿರ ಈ ಕೆಲಸ ಮಾಡಬೇಡಿ, ಆಲ್ಕೋಹಾಲಿಗೆ ಬೆಂಕಿ ಹತ್ತುತ್ತದೆ.

ಮೊದಲು ಜಗುಲಿಯ ಹೊರಗೆ ಮಾಸ್ಕ್ ಹಾಕಿಕೊಂಡು ಒಣ ಬ್ರಷ್‌ನಿಂದ ಬೂಸ್ಟು ಉದುರಿಸಿ. ಉಬ್ಬಸ ಇರುವವರು ಹತ್ತಿರ ಬರಬಾರದು. ಲೇಬಲ್ ಮೇಲೆ ಅದರಷ್ಟೇ ಅಗಲದ ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳ ಒತ್ತಿ ಹಿಡಿದು ದ್ರಾವಣ ಹಾಕಿ, ಎರಡು ನಿಮಿಷ ನೆನೆಯಲು ಬಿಡಿ. ಮೆತ್ತನೆಯ ಬ್ರಷ್‌ನಿಂದ ಗೆರೆ ಸುತ್ತುವ ದಿಕ್ಕಿನಲ್ಲೇ ತಿಕ್ಕಿ, ಅಡ್ಡ ತಿಕ್ಕಬೇಡಿ. ಆಮೇಲೆ ಬರೀ ಡಿಸ್ಟಿಲ್ಡ್ ನೀರಿನಲ್ಲಿ ಎರಡು ಸಲ ತೊಳೆಯಿರಿ. ಹೆಚ್ಚಿನವರು ಬಿಡುವುದು ಈ ಹಂತವನ್ನೇ. ಸೋಪಿನ ಪೊರೆ ಉಳಿದರೆ ಸೂಜಿಯ ತುದಿಗೆ ಬಿಳಿ ಅಂಟು ಸೇರುತ್ತದೆ, ಹಾಡು ಮಂಕಾಗುತ್ತದೆ. ಪಾತ್ರೆ ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಫ್ಯಾನಿನ ಗಾಳಿಯಲ್ಲಿ ಒಣಗಿಸಿ. ಮಳೆಗಾಲದಲ್ಲಿ ಒಂದು ರಾತ್ರಿ ಬೇಕು. ಅಡಿಕೆ ಒಣಗಿಸಿದ ಹಾಗೆ ಅಂಗಳದ ಬಿಸಿಲಿಗೆ ಹಾಕಿದರೆ ರೆಕಾರ್ಡು ಬಾಗುತ್ತದೆ, ಆಮೇಲೆ ನೆಟ್ಟಗಾಗುವುದು ಕಷ್ಟ.

ಎರಡು ಸಲ ತೊಳೆದ ಮೇಲೂ ಒಂದೇ ಜಾಗದಲ್ಲಿ ಚರಚರ ಕೇಳಿದರೆ ಅಲ್ಲಿ ಮೇಲ್ಮೈಯೇ ಹಾಳಾಗಿದೆ. ಅದು ಹೋಗುವುದಿಲ್ಲ. ಪಿವಿಸಿಯ ದಪ್ಪ ಹೊರಕವರಿನಲ್ಲಿ ವರ್ಷಗಟ್ಟಲೆ ಇದ್ದ ರೆಕಾರ್ಡಿಗೆ ಹಿಡಿಯುವ ಮಂಜಿನಂಥ ಪೊರೆಯೂ ಅಷ್ಟೇ.

ಇನ್ನು ಇಡುವ ವಿಚಾರ. ಅಟ್ಟ ಬೇಡವೇ ಬೇಡ. ಬೇಸಿಗೆಯಲ್ಲಿ ಹೆಂಚಿನ ಕಾವು, ಮಳೆಯಲ್ಲಿ ತೇವ. ಒಂದರ ಮೇಲೊಂದು ಪೇರಿಸದೆ ನೆಟ್ಟಗೆ ನಿಲ್ಲಿಸಿ, ಗೋಡೆಯಿಂದ ನಾಲ್ಕು ಇಂಚು ಬಿಡಿ. ನೂರು ಎಲ್‌ಪಿ ಕವರಿನ ಸಮೇತ 20ರಿಂದ 25 ಕೆಜಿ ತೂಗುತ್ತವೆ, ತೆಳು ಪ್ಲೈವುಡ್ ಹಲಗೆ ಬಾಗುತ್ತದೆ. ಕಬ್ಬಿಣದ ಬೀರುವಾದರೆ ಅರ್ಧ ಕೆಜಿ ಸಿಲಿಕಾ ಜೆಲ್ ಇಟ್ಟು, ಬಣ್ಣ ಬದಲಾದಾಗ ಓವನ್‌ನಲ್ಲಿ 110–120 ಡಿಗ್ರಿಯಲ್ಲಿ ಎರಡು ಗಂಟೆ ಒಣಗಿಸಿ ಮತ್ತೆ ಬಳಸಿ. ಸಣ್ಣ ತೇವಮಾಪಕ ಒಂದಿರಲಿ: ಮುಳ್ಳು 60 ದಾಟಿದರೆ ಬೂಸ್ಟಿಗೆ ಹಬ್ಬ. ನುಸಿಗುಳಿಗೆ ಹಾಕಬೇಡಿ, ಅದರ ಆವಿ ಪ್ಲಾಸ್ಟಿಕ್‌ಗೆ ಆಗುವುದಿಲ್ಲ.

ಯೂಟ್ಯೂಬಿನಲ್ಲಿ ರೆಕಾರ್ಡಿನ ಮೇಲೆ ಫೆವಿಕಾಲ್ ಸುರಿದು, ಒಣಗಿದ ಮೇಲೆ ಸಿಪ್ಪೆಯಂತೆ ಸುಲಿಯುತ್ತಾರೆ. ಮಾಡಬಹುದೇ?
— ಓದುಗರು, ರಿಪ್ಪನ್‌ಪೇಟೆ

ಬೇಸಿಗೆಯಲ್ಲಿ, ಬೆಲೆಯಿಲ್ಲದ ರೆಕಾರ್ಡಿನ ಮೇಲೆ ಬೇಕಾದರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಿಮ್ಮ ಕಡೆ ಅಂಟು ಪೂರ್ತಿ ಒಣಗುವುದೇ ಇಲ್ಲ. ಸುಲಿಯುವಾಗ ಹರಿದು ಚೂರು ಚೂರಾಗಿ ಗೆರೆಯಲ್ಲಿ ಉಳಿಯುತ್ತದೆ.

ಮಾವನವರ ಸಂಗ್ರಹದಲ್ಲಿ ಅಬ್ಬಾ, ಬೋನಿ ಎಂ ತುಂಬ ಇವೆ. ಬಿದ್ದು ಆರ್ಕೆಸ್ಟ್ರಾದ್ದೊಂದು, ರಾಗಗಳಿಗೆ ಡಿಸ್ಕೋ ತಾಳ ಹಾಕಿದ್ದೊಂದು, ಕನ್ನಡ ಸಿನಿಮಾದ ಸಣ್ಣ ರೆಕಾರ್ಡುಗಳು ಕೆಲವು ಇವೆ. ಗುಜರಿಯವರು ಎಲ್ಲ ಸೇರಿಸಿ ತೂಕಕ್ಕೆ ಕೇಳುತ್ತಿದ್ದಾರೆ. ಕೊಟ್ಟುಬಿಡಲೇ?
— ಓದುಗರು, ತೀರ್ಥಹಳ್ಳಿ

ಕೊಡಬೇಡಿ. ಮುಖ್ಯವಾಗಿ ಆ ರಾಗ-ಡಿಸ್ಕೋ ರೆಕಾರ್ಡನ್ನು ಈಗಲೇ ಬೇರೆ ತೆಗೆದಿಡಿ. ಅದು ಮುಂಬೈ ಸಿನಿಮಾ ವಾದ್ಯಗಾರ ಚರಣ್‌ಜಿತ್ ಸಿಂಗ್ ಅವರ 'ಟೆನ್ ರಾಗಾಸ್ ಟು ಎ ಡಿಸ್ಕೋ ಬೀಟ್' ಆಗಿದ್ದರೆ, 1982ರ ಎಚ್‌ಎಂವಿ ಪ್ರತಿಗೆ ಇಂದು ದೇಶವಿದೇಶದಲ್ಲಿ ಹುಡುಕುವವರಿದ್ದಾರೆ. ರೋಲ್ಯಾಂಡ್ ಕಂಪನಿಯ ಟಿಬಿ-303, ಟಿಆರ್-808 ಮತ್ತು ಜುಪಿಟರ್-8 ಎಂಬ ಮೂರು ಯಂತ್ರಗಳಲ್ಲಿ ರಾಗ ನುಡಿಸಿದ್ದು. ಬಂದಾಗ ಯಾರೂ ಕೇಳಲಿಲ್ಲ. 2010ರಲ್ಲಿ ಮರುಮುದ್ರಣವಾದಾಗ, ಇಂಥ ಯಂತ್ರಗಳಲ್ಲೇ ಹುಟ್ಟಿದ ಅಮೆರಿಕದ ಕುಣಿತದ ಸಂಗೀತ ಆಸಿಡ್ ಹೌಸ್‌ಗೆ ಮೊದಲೇ ಅದೇ ನಾದ ಇಲ್ಲಿತ್ತಲ್ಲ ಎಂದು ಜನ ಬೆರಗಾದರು. 1982ರಲ್ಲೇ ಕೋಲ್ಕತ್ತದಲ್ಲಿ ಬಂದ ರೂಪಾ ಅವರ 'ಡಿಸ್ಕೋ ಜಾಝ್' ಕೂಡ ಇಂಥದ್ದೇ. ಕೆನಡಾದ ಕ್ಯಾಲ್ಗರಿಯಲ್ಲಿ ಧ್ವನಿಮುದ್ರಣ, ಸರೋದ್‌ನಲ್ಲಿ ಆಶಿಶ್ ಖಾನ್. 2019ರಲ್ಲಿ, ಮರೆತ ರೆಕಾರ್ಡುಗಳನ್ನು ಮರುಮುದ್ರಿಸುವ ಶಿಕಾಗೋದ ಕಂಪನಿ ನ್ಯೂಮೆರೋ ಗ್ರೂಪ್ ಅದನ್ನು ಮತ್ತೆ ತಂದಿತು.

ಬಿದ್ದು ನಮ್ಮವರೇ. ಬೆಂಗಳೂರಿನಲ್ಲಿ ಹುಟ್ಟಿ ಲಂಡನ್ನಿಗೆ ಹೋದವರು. 1974ರಲ್ಲಿ ಕಾರ್ಲ್ ಡಗ್ಲಸ್ ಹಾಡಿದ 'ಕುಂಗ್ ಫೂ ಫೈಟಿಂಗ್' ಅವರ ನಿರ್ಮಾಣ. 1976ರಲ್ಲಿ ಟೀನಾ ಚಾರ್ಲ್ಸ್ ಹಾಡಿ ಬ್ರಿಟನ್ನಿನಲ್ಲಿ ಒಂದನೇ ಸ್ಥಾನಕ್ಕೇರಿದ 'ಐ ಲವ್ ಟು ಲವ್' ಕೂಡ. ಹಾಡಿದವರ ಹೆಸರು ಉಳಿಯಿತು, ನಿರ್ಮಾಪಕರದ್ದು ಲೇಬಲ್ಲಿನ ಸಣ್ಣಕ್ಷರದಲ್ಲಿ ಉಳಿಯಿತು. ಅವರ ಸ್ವಂತ ಆರ್ಕೆಸ್ಟ್ರಾದ 'ಬ್ಲೂ ಐಡ್ ಸೋಲ್' 1975ರದು. ಪಿಟೀಲುಗಳ ಗುಂಪು, ವಾವಾ ಗಿಟಾರು, ನಾಲ್ಕು ಪೆಟ್ಟಿನ ನೇರ ಡ್ರಮ್ಮು. ಮುಂಬೈಯ ಆಶಾ ಪುತ್ಲಿ ಅವರ 1976ರ 'ದ ಡೆವಿಲ್ ಈಸ್ ಲೂಸ್' ಎಲ್ಲಾದರೂ ಕಂಡರೆ ಅದನ್ನೂ ಬಿಡಬೇಡಿ.

ಕನ್ನಡದ ಸಣ್ಣ ರೆಕಾರ್ಡುಗಳನ್ನು ತಾತ್ಸಾರ ಮಾಡುವವರೇ ಹೆಚ್ಚು. 1978ರ 'ಆಪರೇಷನ್ ಡೈಮಂಡ್ ರಾಕೆಟ್' ಚಿತ್ರಕ್ಕೆ ಜಿ.ಕೆ. ವೆಂಕಟೇಶ್ ಸಂಗೀತದಲ್ಲಿ ಡಾ. ರಾಜ್‌ಕುಮಾರ್ ಇಂಗ್ಲಿಷ್ ಹಾಡೊಂದನ್ನೇ ಹಾಡಿದ್ದಾರೆ. ಆ ಕಾಲದ ಪತ್ತೇದಾರಿ ಚಿತ್ರಗಳ ಕ್ಲಬ್ ಹಾಡು, ಬೆನ್ನಟ್ಟುವ ದೃಶ್ಯದ ಸಂಗೀತಗಳಲ್ಲಿ ಬಾಸ್ ಗಿಟಾರು ಮತ್ತು ಡ್ರಮ್ಮಿನ ಕಡೆ ಮಾತ್ರ ಕಿವಿ ಕೊಟ್ಟು ಕೇಳಿ. ಬಾಸ್, ಡ್ರಮ್ಮಿನ ತಾಳವೇ ಜೀವಾಳವಾದ ಫಂಕ್ ಹುಡುಕಿಕೊಂಡು ಅಮೆರಿಕದ ಡೆಟ್ರಾಯಿಟ್‌ಗೇ ಹೋಗಬೇಕಿಲ್ಲ.

ಅಬ್ಬಾ, ಬೋನಿ ಎಂ ನಮ್ಮ ದೇಶದಲ್ಲಿ ರಾಶಿ ರಾಶಿ ಮಾರಾಟವಾದವು. ಕೇಳಲು ಇಟ್ಟುಕೊಳ್ಳಿ, ದುಡ್ಡಿನ ಆಸೆ ಬೇಡ.

ಉಳಿದವುಗಳ ಕಾಲ ಗೊತ್ತು ಮಾಡುವುದು ಹೀಗೆ. ಕವರಿನಲ್ಲಿ ಬಾರ್‌ಕೋಡ್ ಇದ್ದರೆ ಅದು ಎಪ್ಪತ್ತರ ದಶಕದ ನಡುವಿನ ಮೊದಲ ಮುದ್ರಣವಲ್ಲ. ವೃತ್ತದೊಳಗಿನ 'ಪಿ' ಅಕ್ಷರದ ಪಕ್ಕದ ಇಸವಿ ಧ್ವನಿಮುದ್ರಣ ಮೊದಲು ಹೊರಬಂದ ವರ್ಷ. ನಿಮ್ಮ ಕೈಯಲ್ಲಿರುವ ಪ್ರತಿ ಒತ್ತಿದ ವರ್ಷವೇ ಆಗಬೇಕೆಂದಿಲ್ಲ. ಕೊನೆಯ ಹಾಡು ಮುಗಿದು ಲೇಬಲ್ ಶುರುವಾಗುವ ನಡುವಿನ ಖಾಲಿ ಜಾಗಕ್ಕೆ ಟಾರ್ಚನ್ನು ಓರೆಯಾಗಿ ಹಿಡಿದರೆ ಗೀಚಿದ ಅಥವಾ ಅಚ್ಚೊತ್ತಿದ ಸಂಖ್ಯೆ ಕಾಣುತ್ತದೆ. ರೆಕಾರ್ಡುಗಳ ಪಟ್ಟಿ, ಮಾರಾಟದ ಬೆಲೆ ಸಿಗುವ ಡಿಸ್ಕಾಗ್ಸ್ ಎಂಬ ಅಂತರ್ಜಾಲ ತಾಣದಲ್ಲಿ ಹುಡುಕಬೇಕಾದ್ದು ಆ ಸಂಖ್ಯೆ, ಕವರಿನ ಚಿತ್ರವಲ್ಲ. ಬ್ರಿಟನ್ನಿನ ಇಎಂಐ ಪ್ರತಿಯಾದರೆ ಅಲ್ಲೇ ಬಿಡಿ ಅಕ್ಷರಗಳಿರುತ್ತವೆ: ಜಿ, ಆರ್, ಎ, ಎಂ, ಒ, ಪಿ, ಎಚ್, ಎಲ್, ಟಿ ಕ್ರಮವಾಗಿ 1ರಿಂದ 9, ಡಿ ಎಂದರೆ ಸೊನ್ನೆ. ಯಾವ ಅಚ್ಚಿನಿಂದ ಒತ್ತಿದ್ದೆಂಬ ಲೆಕ್ಕ ಅದು, ಸಂಖ್ಯೆ ಕಡಿಮೆಯಾದಷ್ಟೂ ಮೊದಮೊದಲಿನ ಪ್ರತಿ.

ಬೆಲೆ ನೋಡುವಾಗ ಮಾರುವವರು ಕೇಳುವ ಬೆಲೆ ನಂಬಬೇಡಿ, ಈಗಾಗಲೇ ಮಾರಾಟವಾದವುಗಳ ನಡು ಬೆಲೆ ನೋಡಿ. ಅದೂ ಚೆನ್ನಾಗಿರುವ ಪ್ರತಿಯದು. ಬೂಸ್ಟು ತಿಂದ ಕವರಿಗೆ ಅದರ ಸಣ್ಣ ಪಾಲು ಸಿಕ್ಕರೆ ಹೆಚ್ಚು.

ಅಣ್ಣ ಅಮೆರಿಕದಿಂದ ಎಪ್ಪತ್ತರ ದಶಕದ ಟರ್ನ್‌ಟೇಬಲ್ ತಂದುಕೊಟ್ಟಿದ್ದಾನೆ. 110 ವೋಲ್ಟಿನ ಟ್ರಾನ್ಸ್‌ಫಾರ್ಮರ್ ಹಾಕಿಯೇ ಓಡಿಸುತ್ತಿದ್ದೇವೆ. ಆದರೂ ಎಲ್ಲ ಹಾಡೂ ಎಳೆದೆಳೆದು ಕೇಳುತ್ತದೆ. ಬೆಲ್ಟ್ ಹೊಸದು.
— ಓದುಗರು, ವಿನೋಬನಗರ, ಶಿವಮೊಗ್ಗ

ಬೆಲ್ಟಿನ ತಪ್ಪಿಲ್ಲ. ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತದೆ, ಫ್ರೀಕ್ವೆನ್ಸಿ ಬದಲಿಸುವುದಿಲ್ಲ. ಅಮೆರಿಕದ ಕರೆಂಟು 60 ಹರ್ಟ್ಜ್, ನಮ್ಮದು 50. ಆ ಕಾಲದ ಎಸಿ ಸಿಂಕ್ರೊನಸ್ ಮೋಟರು ಫ್ರೀಕ್ವೆನ್ಸಿಗೆ ತಕ್ಕಂತೆ ಸುತ್ತುತ್ತದೆ. ಹಾಗಾಗಿ 33⅓ ಸುತ್ತು ಇರಬೇಕಾದಲ್ಲಿ ನಿಮಿಷಕ್ಕೆ ಸುಮಾರು 27.8 ಆಗುತ್ತದೆ, ಶ್ರುತಿ ಹಾರ್ಮೋನಿಯಂನ ಮೂರು ಮನೆಯಷ್ಟು ಇಳಿಯುತ್ತದೆ. ಪರಿಹಾರ ಮೋಟರಿನ ಪುಲ್ಲಿ: ಅದೇ ಮಾಡೆಲ್ಲಿನ 50 ಹರ್ಟ್ಜ್ ಪುಲ್ಲಿ ಹುಡುಕಿ, ಇಲ್ಲವೇ ಲೇತ್ ಕೆಲಸದವರಲ್ಲಿ 1.2 ಪಟ್ಟು ವ್ಯಾಸದ್ದು ಮಾಡಿಸಿ. ಹಿತ್ತಾಳೆಯದಾದರೆ ಒಳ್ಳೆಯದು. ನಡುತೂತು ಕೂದಲೆಳೆ ಓರೆಯಾದರೂ ಪ್ರತಿ ಸುತ್ತಿಗೂ ಹಾಡು ಅಲುಗುತ್ತದೆ. ಡಿಸಿ ಮೋಟರು ಅಥವಾ ಕ್ವಾರ್ಟ್ಜ್ ಡೈರೆಕ್ಟ್ ಡ್ರೈವ್ ಆದವಕ್ಕೆ ಈ ತೊಂದರೆ ಇಲ್ಲ.

ವೇಗ ಪರೀಕ್ಷೆಗೆ 180 ಗೆರೆಯ ಸ್ಟ್ರೋಬ್ ಚಕ್ರವನ್ನು ಕಾಗದದಲ್ಲಿ ಅಚ್ಚು ಹಾಕಿಕೊಳ್ಳಬಹುದು: ವೇಗ ಸರಿಯಿದ್ದರೆ ಮಿನುಗುವ ಬಲ್ಬಿನ ಬೆಳಕಲ್ಲಿ ಅದರ ಗೆರೆ ನಿಂತ ಹಾಗೆ ಕಾಣುತ್ತದೆ. ಆದರೆ ಒಳ್ಳೆಯ ಎಲ್‌ಇಡಿ ಬಲ್ಬು ಮಿನುಗುವುದಿಲ್ಲವಾದ್ದರಿಂದ ಗೆರೆ ನಿಂತ ಹಾಗೆ ಕಾಣಿಸದು. ಅಂಚಿಗೆ ಕಾಗದದ ಚೂರು ಅಂಟಿಸಿ ಎಣಿಸುವುದೇ ಸುಲಭ: ಮೂರು ನಿಮಿಷಕ್ಕೆ ಸರಿಯಾಗಿ ನೂರು ಸುತ್ತು.

ಮರದ ಮಹಡಿಯಲ್ಲಿ ಪ್ಲೇಯರ್ ಇಟ್ಟಿದ್ದೇವೆ. ಯಾರಾದರೂ ನಡೆದರೆ ಸೂಜಿ ಹಾರುತ್ತದೆ. ಡಿಸ್ಕೋ ಹಾಕಿ ಸೌಂಡ್ ಹೆಚ್ಚಿಸಿದರೆ ಗುಂಯ್ ಎನ್ನುತ್ತದೆ.
— ಓದುಗರು, ಕೊಪ್ಪ

ಎರಡಕ್ಕೂ ಹಲಗೆಯೇ ಕಾರಣ. ಬಾಸ್ ಹಲಗೆಯನ್ನು ಅಲುಗಿಸಿ, ಅದು ಸೂಜಿಗೆ ಮರಳಿ, ಮತ್ತೆ ಸ್ಪೀಕರಿಗೆ ಹೋಗುತ್ತದೆ. ಗೋಡೆಗೆ ಬ್ರ್ಯಾಕೆಟ್ ಹೊಡೆದು, ಮೇಲೆ ಕಡಪ ಕಲ್ಲಿಟ್ಟು, ಅದರ ಮೇಲೆ ಪ್ಲೇಯರ್ ಇಡಿ. ಸ್ಪೀಕರ್ ಆ ಕಲ್ಲಿಗೆ ತಾಗಬಾರದು. ಸೂಜಿಯ ಭಾರ ಕಡಿಮೆ ಇದ್ದರೂ ಹಾರುತ್ತದೆ. ಕಾರ್ಟ್ರಿಜ್ (ಸೂಜಿ ಕೂರಿಸಿದ ಸಣ್ಣ ಡಬ್ಬಿ) ಯಾವುದೆಂದು ನೋಡಿ ಅದರ ಕಂಪನಿ ಹೇಳಿದಷ್ಟೇ ಇಡಿ: ಆಡಿಯೋ-ಟೆಕ್ನಿಕಾದ ವಿಎಂ95ಇಗೆ 2 ಗ್ರಾಂ, ಅಗ್ಗದ ಪ್ಲೇಯರುಗಳಲ್ಲಿ ಬರುವ 3600ಎಲ್‌ಗೆ 3 ಗ್ರಾಂ. ಭಾರ ಕಡಿಮೆ ಮಾಡಿದರೆ ರೆಕಾರ್ಡು ಉಳಿಯುತ್ತದೆ ಎಂಬುದು ತಪ್ಪು ಲೆಕ್ಕ. ಹಗುರವಾದ ಸೂಜಿ ಗೆರೆಯೊಳಗೆ ಕುಣಿದು ಗೋಡೆಗಳನ್ನು ಚಚ್ಚುತ್ತದೆ. ಸೂಟ್‌ಕೇಸಿನಂಥ ಹಳೆಯ ಫಿಯೆಸ್ಟಾ ಪ್ಲೇಯರಿನಲ್ಲಿ ಒಳ್ಳೆಯ ಸ್ಟೀರಿಯೋ ರೆಕಾರ್ಡು ಹಾಕಬೇಡಿ, ಅದರ ಸೆರಾಮಿಕ್ ಕಾರ್ಟ್ರಿಜ್ ಬಹಳ ಭಾರ.

ಪಂಕ್ ಎಂದರೆ ಸೆಕ್ಸ್ ಪಿಸ್ಟಲ್ಸ್, ರಮೋನ್ಸ್ ಮಾತ್ರವೇ? ಅಷ್ಟಾಗಿ ಹೆಸರಾಗದ ಎಪ್ಪತ್ತರ ದಶಕದ ಪಂಕ್ ರೆಕಾರ್ಡುಗಳು ನಮ್ಮ ಕಡೆ ಗುಜರಿಯಲ್ಲಿ ಸಿಕ್ಕಾವೇ?
— ವಿದ್ಯಾರ್ಥಿ, ಸಾಗರ

ಸಿಗಲಾರವು. ಎಪ್ಪತ್ತರ ದಶಕದಲ್ಲಿ ಇಲ್ಲಿ ಸಿಗುತ್ತಿದ್ದ ವಿದೇಶಿ ಸಂಗೀತ ಬಹುಪಾಲು ಎಚ್‌ಎಂವಿ, ಪಾಲಿಡೋರ್‌ನಂಥ ಕಂಪನಿಗಳು ಆರಿಸಿ ಇಲ್ಲೇ ಒತ್ತಿದ್ದು. ವೇಗದ, ಒರಟಾದ ರಾಕ್ ಆದ ಪಂಕ್ ಅವರ ಆಯ್ಕೆಯಲ್ಲಿ ಇರಲಿಲ್ಲವೆಂದೇ ಹೇಳಬೇಕು. ಅಪರೂಪಕ್ಕೆ ಕಂಡರೆ ಹೊರಗಿನಿಂದ ಬಂದವರು ಪೆಟ್ಟಿಗೆಯಲ್ಲಿ ತಂದದ್ದು. ಹಾಗಾಗಿ ಕಾಫಿ ಎಸ್ಟೇಟಿನ ಬಂಗಲೆ, ಪ್ಲಾಂಟರುಗಳ ಕ್ಲಬ್, ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸ್ ಖಾಲಿಯಾಗುವಾಗ ವಿಚಾರಿಸುವುದು ಗುಜರಿ ಕೆದಕುವುದಕ್ಕಿಂತ ಮೇಲು. ಅಲ್ಲೂ ಸಿಗುವುದು ಹೆಚ್ಚಾಗಿ ಕುಣಿತದ ಪಾರ್ಟಿಯ ರೆಕಾರ್ಡೇ.

ಕೇಳಲು ಶುರು ಮಾಡಿ ಎಂದು ಹೇಳುವುದಾದರೆ ಮೊದಲು 'ಡೆತ್'. ಡೆಟ್ರಾಯಿಟ್‌ನ ಮೂವರು ಕಪ್ಪು ಸಹೋದರರ ತಂಡ. ಪಂಕ್ ಎಂಬ ಹೆಸರು ಊರಿಗೆಲ್ಲ ಗೊತ್ತಾಗುವ ಮೊದಲೇ, 1975ರಲ್ಲಿ, ಏಳು ಹಾಡು ಧ್ವನಿಮುದ್ರಿಸಿದರು. ದೊಡ್ಡ ಕಂಪನಿ ಹೆಸರು ಬದಲಿಸಿ ಎಂದಿತು, ಇವರು ಒಪ್ಪಲಿಲ್ಲ. 1976ರಲ್ಲಿ ಸ್ವಂತ ದುಡ್ಡಿನಲ್ಲಿ ಎರಡು ಹಾಡಿನ 500 ಪ್ರತಿ ಒತ್ತಿಸಿದರು, ಅಲ್ಲಿಗೆ ಮುಗಿಯಿತು. ಏಳೂ ಹಾಡು ಆಲ್ಬಮ್ಮಾಗಿ ಹೊರಬಂದದ್ದು 2009ರಲ್ಲಿ. ಅದೇ 1976ರ ಸೆಪ್ಟೆಂಬರಿನಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ 'ದ ಸೇಂಟ್ಸ್' ಕೂಡ ತಾವೇ 500 ಪ್ರತಿ ಒತ್ತಿಸಿದರು. ಬ್ರಿಟನ್ನಿನ ಮೊದಲ ಪಂಕ್ ಸಿಂಗಲ್ ಬರುವುದಕ್ಕೆ ಇನ್ನೂ ಒಂದು ತಿಂಗಳಿತ್ತು. ಮ್ಯಾಂಚೆಸ್ಟರಿನ ಬಜ್‌ಕಾಕ್ಸ್ 500 ಪೌಂಡ್ ಸಾಲ ಮಾಡಿ 1977ರ ಜನವರಿಯಲ್ಲಿ 'ಸ್ಪೈರಲ್ ಸ್ಕ್ರಾಚ್' ತಂದರು. ಪ್ರತಿ ಹಾಡು ಎಷ್ಟನೇ ಟೇಕ್, ಮೇಲೆ ಎಷ್ಟು ಓವರ್‌ಡಬ್ (ಆಮೇಲೆ ಸೇರಿಸಿದ ಧ್ವನಿಮುದ್ರಣ) ಎಂದು ಕವರಿನ ಮೇಲೇ ಅಚ್ಚು ಹಾಕಿದರು. ರೆಕಾರ್ಡು ಮಾಡುವುದರಲ್ಲಿ ಮಾಯಮಂತ್ರವಿಲ್ಲ, ನೀವೂ ಮಾಡಿ ಎಂದ ಹಾಗೆ.

ಹಳೆಯ ಪ್ರತಿಗಳ ಬೆಲೆ ವಿದ್ಯಾರ್ಥಿಯ ಕೈಗೆ ಎಟುಕದು. ಮರುಮುದ್ರಣವೇ ಸಾಕು.

ಇಷ್ಟು ಒಳ್ಳೆಯ ಸೋಲ್, ಫಂಕ್ ರೆಕಾರ್ಡುಗಳು ಮರೆತುಹೋದದ್ದು ಯಾಕೆ? ಯಾವುದರಿಂದ ಶುರು ಮಾಡಲಿ?
— ಓದುಗರು, ಪೇಪರ್ ಟೌನ್, ಭದ್ರಾವತಿ

ಹಾಡು ಚೆನ್ನಾಗಿಲ್ಲದ್ದಕ್ಕೆ ಮರೆತದ್ದು ಕಡಿಮೆ, ಅಂಗಡಿಗೆ ತಲುಪದೆ ಮರೆತದ್ದೇ ಹೆಚ್ಚು. ಒಂದೊಂದು ಊರಿನ ಸಣ್ಣ ಕಂಪನಿ ಕೆಲವು ನೂರು ಪ್ರತಿ ಒತ್ತಿಸಿ, ಊರಿನ ರೇಡಿಯೋ ಹಾಕಿದರೆ ಬದುಕಿ, ಇಲ್ಲದಿದ್ದರೆ ಮುಚ್ಚುತ್ತಿತ್ತು. ಓಹಾಯೋದ ಕೊಲಂಬಸ್‌ನಲ್ಲಿ ಬಿಲ್ ಮಾಸ್ ನಡೆಸಿದ ಕ್ಯಾಪ್‌ಸೋಲ್ ಅಂಥದ್ದು. ನ್ಯೂಮೆರೋ ಗ್ರೂಪ್‌ನ ಮೊಟ್ಟಮೊದಲ ಸಂಕಲನವೇ ಅದರ ಹಾಡುಗಳದ್ದು. 1973ರ ತೈಲ ಬಿಕ್ಕಟ್ಟಿನಲ್ಲಿ ವಿನೈಲ್ ಸಿಗದೆ ಹಳೆಯ ರೆಕಾರ್ಡು ಪುಡಿ ಮಾಡಿ ಬೆರೆಸಿ ಒತ್ತಿದ್ದೂ ಉಂಟು. ಅಂಥ ಪ್ರತಿ ಹೊಸದಿದ್ದಾಗಲೇ ಗರಗರ ಎನ್ನುತ್ತಿತ್ತು, ನೀವೆಷ್ಟು ತೊಳೆದರೂ ಹಾಗೇ ಇರುತ್ತದೆ. ಡಿಸ್ಕೋಗೆ ಬಂದದ್ದು ಬೇರೆ ಗತಿ: 1979ರ ಜುಲೈ 12ರಂದು ಶಿಕಾಗೋದ ಬೇಸ್‌ಬಾಲ್ ಮೈದಾನದಲ್ಲಿ ಡಿಸ್ಕೋ ರೆಕಾರ್ಡುಗಳ ರಾಶಿಯನ್ನೇ ಸಿಡಿಸಿದರು. ಕಪ್ಪುಜನ, ಸಲಿಂಗಿಗಳು ಕಟ್ಟಿ ಬೆಳೆಸಿದ ಸಂಗೀತದ ಮೇಲಿನ ಅಸಹನೆಯೂ ಅದರಲ್ಲಿತ್ತು ಎಂಬ ಮಾತನ್ನು ತಳ್ಳಿಹಾಕುವಂತಿಲ್ಲ.

ಶುರು ಮಾಡಲು ಬೆಟ್ಟಿ ಡೇವಿಸ್ ಅವರ 1973ರ ಮೊದಲ ಆಲ್ಬಮ್. ಕವರಿನ ಹಿಂದೆ ನೋಡಿ: ನಿರ್ಮಾಪಕ ಗ್ರೆಗ್ ಎರಿಕೊ, ಬಾಸ್ ಲ್ಯಾರಿ ಗ್ರಹಾಂ, ಇಬ್ಬರೂ ಸ್ಲೈ ಸ್ಟೋನ್ ತಂಡದವರು. ಹೀಗೆ ವಾದ್ಯದವರ ಹೆಸರು ಹಿಡಿದು ಒಂದರಿಂದ ಇನ್ನೊಂದಕ್ಕೆ ಹೋಗುವುದೇ ಹುಡುಕುವ ದಾರಿ, ಗಾಯಕರ ಹೆಸರು ಹಿಡಿದರೆ ಬೇಗ ಮುಗಿದುಹೋಗುತ್ತದೆ. ಆಮೇಲೆ ಶುಗಿ ಓಟಿಸ್ ಅವರ 1974ರ 'ಇನ್‌ಸ್ಪಿರೇಷನ್ ಇನ್ಫರ್ಮೇಷನ್', ಹೆಚ್ಚುಕಡಿಮೆ ಎಲ್ಲ ವಾದ್ಯವೂ ಅವರೊಬ್ಬರದೇ. ನೈಜೀರಿಯಾದ ಎನುಗುವಿನ ವಿಲಿಯಂ ಒನ್ಯಬೋರ್ ಮೂರನೆಯವರು. ಡಿಸ್ಕೋ ಬೇಕಾದರೆ ಡಬಲ್ ಎಕ್ಸ್‌ಪೋಷರ್ ತಂಡದ 'ಟೆನ್ ಪರ್ಸೆಂಟ್', 1976. ಅಂಗಡಿಯಲ್ಲಿ ಮಾರಾಟಕ್ಕೆ ಬಂದ ಮೊದಲ 12 ಇಂಚಿನ ಸಿಂಗಲ್ ಅದು. ದೊಡ್ಡ ತಟ್ಟೆಗೆ ಒಂದೇ ಹಾಡಾದ್ದರಿಂದ ಗೆರೆಗಳ ನಡುವೆ ಜಾಗ ಹೆಚ್ಚು, ಬಾಸ್ ಅಗಲವಾಗಿ ಕೆತ್ತಬಹುದು. ಅದೇ ಹಾಡನ್ನು ಎಲ್‌ಪಿಯಲ್ಲಿ ಕೇಳಿದರೆ ಸಪ್ಪೆ ಅನಿಸುವುದು ಇದೇ ಕಾರಣಕ್ಕೆ.

ರೆಕಾರ್ಡುಗಳನ್ನು ಕಂಪ್ಯೂಟರಿಗೆ ಇಳಿಸಿ ಯೂಟ್ಯೂಬಿಗೆ ಹಾಕಬೇಕೆಂದಿದ್ದೇನೆ. ಮಾಡಿ ನೋಡಿದ್ದರಲ್ಲಿ ಚಪ್ಪಾಳೆ, ಡ್ರಮ್ಮಿನ ಸದ್ದು ಮೊಂಡಾಗಿದೆ.
— ಓದುಗರು, ಶೃಂಗೇರಿ

ಕ್ಲಿಕ್ ತೆಗೆಯುವ ಸಾಫ್ಟ್‌ವೇರು ಮಾಡಿದ ಕೆಲಸ ಅದು. ಡಿಸ್ಕೋದ ಚಪ್ಪಾಳೆ, ಫಂಕ್‌ನ ಸ್ನೇರ್ ಪೆಟ್ಟು ಅದಕ್ಕೆ ಗೀರಿನ ಹಾಗೆಯೇ ಕಾಣುತ್ತವೆ. ಇಡೀ ಹಾಡಿಗೆ ಹಾಕದೆ, ಕೇಳಿ ಗುರುತು ಮಾಡಿದ ಗೀರುಗಳನ್ನು ಒಂದೊಂದಾಗಿ ತೆಗೆಯಿರಿ. ನಾಯ್ಸ್ ರಿಡಕ್ಷನ್ ಹೆಚ್ಚಾದರೆ ಹಾಡು ನೀರಿನೊಳಗಿಂದ ಬಂದಂತೆ ಕೇಳುತ್ತದೆ, ಬಿಟ್ಟರೂ ನಷ್ಟವಿಲ್ಲ. ಅಡಾಸಿಟಿ ಎಂಬ ಧ್ವನಿಮುದ್ರಣ ಸಾಫ್ಟ್‌ವೇರಿನಲ್ಲಿ 24 ಬಿಟ್, 48 ಕಿಲೋಹರ್ಟ್ಜ್ ಸಾಕು. ಅತಿ ಜೋರಿನ ಜಾಗ ಮೈನಸ್ 6 ಡೆಸಿಬೆಲ್ ದಾಟದಂತೆ ಮೊದಲೇ ಮಟ್ಟ ಹಿಡಿದಿಡಿ. ನಿಮಿಷಕ್ಕೆ ಸುಮಾರು 17 ಎಂಬಿ, 40 ನಿಮಿಷದ ಎಲ್‌ಪಿಗೆ 690 ಎಂಬಿ ಆಗುತ್ತದೆ. ಫ್ಲ್ಯಾಕ್ ಎಂಬ ಫೈಲ್ ರೂಪಕ್ಕೆ ಮಾಡಿಟ್ಟರೆ ಗುಣ ಕೆಡದೆ ಗಾತ್ರ ಇಳಿಯುತ್ತದೆ. ಸೂಜಿಯಿಂದ ಬರುವ ಸಣ್ಣ ಸದ್ದನ್ನು ಹೆಚ್ಚಿಸಿ ಬಾಸ್ ಸರಿಪಡಿಸುವ ಫೋನೋ ಪ್ರಿಆಂಪ್ ಇಲ್ಲದೆ ನೇರ ಮೈಕ್ ತೂತಿಗೆ ಸಿಕ್ಕಿಸಿದರೆ ಬಾಸ್ ಇಲ್ಲದೆ ಕೀರಲಾಗಿ ಬರುತ್ತದೆ. ಗುಂಯ್ ಸದ್ದಿದ್ದರೆ ಟರ್ನ್‌ಟೇಬಲ್ಲಿನ ಅರ್ಥ್ ತಂತಿಯನ್ನು ಪ್ರಿಆಂಪ್‌ನ ಸ್ಕ್ರೂಗೆ ಕಟ್ಟಿ.

ಯೂಟ್ಯೂಬಿಗೆ ಮಾತ್ರ ಹಾಕಬೇಡಿ. ನಮ್ಮ ಕಾಯ್ದೆಯಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ. 1976ರ ರೆಕಾರ್ಡಿನ ಹಕ್ಕು 2036ರ ಕೊನೆಯವರೆಗೂ ಇರುತ್ತದೆ. ಸ್ವಂತಕ್ಕೆ ಕೇಳಲು ಪ್ರತಿ ಮಾಡಿಕೊಂಡರೆ ಅಡ್ಡಿಯಿಲ್ಲ. ಲೇಬಲ್, ಕವರಿನ ಎರಡೂ ಬದಿ ಮತ್ತು ಖಾಲಿ ಜಾಗದ ಸಂಖ್ಯೆಯ ಫೋಟೋ ತೆಗೆದು ಅದೇ ಫೋಲ್ಡರಿನಲ್ಲಿಡಿ. ಒಳಕವರಿನ ಹೆಸರುಗಳಿಗೆ ಬೂಸ್ಟು ಹಿಡಿಯುವ ಮೊದಲೇ ಅದನ್ನೂ ಸ್ಕ್ಯಾನ್ ಮಾಡಿ.